ಕಡೇ ಎಲೆ

ಅರಕಲಗೂಡಿನ ಕಡೆ ಸಿಡುಬಿನ ದಾಕು, ಅಂದರೆ ಲಸಿಕೆ, ಹಾಕುತ್ತಿದ್ದಾಗ, ಪಾದ್ರಿಗಳು ಹೇಳಿದರೆ ಜನ ಹೆದರದೆ ತೋಳು ಕೊಡುತ್ತಾರೆಂದು ಒಂದು ಭಾನುವಾರ ಚರ್ಚಿಗೆ ಹೋದೆ. ಊಟಕ್ಕೆ ಕರೆದಲ್ಲಿ ಕಡೇ ಜಾಗದಲ್ಲಿ ಕೂತವನನ್ನೇ ದೇವರು ಮೇಲಕ್ಕೆ ಕರೆಯುತ್ತಾನೆ ಎಂದು ಅವತ್ತಿನ ಬೋಧನೆ.

ಆಮೇಲೆ ಅಲ್ಲೇ ಊಟ. ನಾನೂ ಕಡೇ ಎಲೆಗೆ ಕೂತು, ಪಾದ್ರಿಗಳು ಕರೆಯಲಿ ಅಂತ ಕಾಯೋಣ ಅಂದುಕೊಂಡೆ. ಕೈ ತೊಳೆದು ಬರುವಷ್ಟರಲ್ಲಿ ಊರಿಗೆ ಊರೇ ಹಿಂದೆ ಒತ್ತಿಕೊಂಡು ಕೂತಿತ್ತು. ಉಳಿದಿದ್ದು ಪಾದ್ರಿಗಳ ಪಕ್ಕದ ಎಲೆ ಒಂದೇ. ತಲೆತಗ್ಗಿಸಿ ಕೂತೆ.

ಮುದ್ದೆ ಬಡಿಸುತ್ತಿದ್ದ ಅಜ್ಜಿ ಸಮಾಧಾನ ಮಾಡಿದರು: "ಬೇಜಾರ್ ಮಾಡ್ಕಬ್ಯಾಡಿ ಸಾ. ಮುಂದಿನ್ ಸಲ ಬನ್ನಿ, ಕಡೇ ಜಾಗ ನಾನೇ ಇಡ್ದಿಟ್ಟಿರ್ತೀನಿ."

ಪಾದ್ರಿಗಳ ಪಕ್ಕ ಕೂತವನೆಂದು ಆಮೇಲೆ ಎಲ್ಲರೂ ತೋಳು ಕೊಟ್ಟರು. ಆದರೆ ದಾಕಿನವನು ಬಂದ ಅಂದರೆ ಬಾಗಿಲು ಹಾಕಿಕೊಳ್ಳುತ್ತಿದ್ದ ಕಾಲ ಅದು; ಇಡೀ ನೌಕರಿಯಲ್ಲಿ ನನಗೆಂದು ಯಾರಾದರೂ ಜಾಗ ಹಿಡಿದಿಡುತ್ತೇನೆ ಅಂದದ್ದು ಅದೊಂದೇ ಸಲ.