ಜಗದೇವಿ ಆಯಾ ಹೊಲಿಸಿದ ಕೌದಿ

ಮದರಾಸಿನ ಹೊರಗೆ, ಪೋರೂರು ಕೆರೆಯ ಆಚೆಗಿರುವ ಕ್ಷಯರೋಗದ ಆಸ್ಪತ್ರೆಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಹೆಂಗಸರ ವಾರ್ಡಿನ ಕಿಟಕಿಗಳನ್ನು ಜಗದೇವಿ ಒಂದೊಂದಾಗಿ ತೆರೆಯುತ್ತಾರೆ. ಮೂಗು ಬಾಯಿಗೆ ಸೆರಗು ಬಿಗಿದುಕೊಂಡು ಮಂಚಗಳ ಕೆಳಗಿನ ಕಫದ ಡಬ್ಬಿಗಳನ್ನು ಬಕೆಟ್ಟಿಗೆ ಸೇರಿಸಿ, ಹಿತ್ತಲಿನ ಒಲೆಯತ್ತ ನಡೆಯುತ್ತಾರೆ. ಅವನ್ನು ಕುದಿಸಿ ತೊಳೆಯುವುದು ದಿನದ ಮೊದಲ ಕೆಲಸ. ಆಮೇಲೆ ನೆಲ ಒರೆಸಬೇಕು, ಏಳಲಾಗದವರ ಮುಖ ತೊಳೆಸಬೇಕು, ಗಂಜಿ ಕುಡಿಸಬೇಕು. ಮೂವತ್ತು ಮಂಚಗಳಿಗೆ ಆಯಾ ಇವರೊಬ್ಬರೇ.

ಜಗದೇವಿ ಮುದ್ದೇಬಿಹಾಳದ ಕಡೆಯವರು. ಗಂಡ ಮುರಿಗೆಪ್ಪ ಇಲ್ಲಿನ ಜವಳಿ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ಮದುವೆಯಾದ ಎರಡನೆಯ ವರ್ಷವೇ ಅವರಿಗೆ ಕೆಮ್ಮು ಹಿಡಿಯಿತು. ಇದೇ ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿ, ೧೯೫೩ರಲ್ಲಿ ತೀರಿಕೊಂಡರು. ಊರಿನಿಂದ ಹೆಂಡತಿಯನ್ನು ಕರೆದೊಯ್ಯಲು ಯಾರೂ ಬರಲಿಲ್ಲ.

"ರೋಗದ ಮನ್ಯಾಕಿ ಅಂತ ಅಂಜಿದ್ರು. ಅವರ ಮ್ಯಾಲೆ ನನಗ ಸಿಟ್ಟಿಲ್ರೀ. ಇಲ್ಲಿದ್ದವರು ಯಾರೂ ನನಗ ಅಂಜಲಿಲ್ಲ. ಅದಕ್ಕ ಇಲ್ಲೇ ಉಳದೆ" ಎನ್ನುತ್ತಾರೆ.

ಮಧ್ಯಾಹ್ನ ವಾರ್ಡು ಮಲಗಿದಾಗ ಅವರು ಜಗಲಿಯಲ್ಲಿ ಹಳೆಯ ಸೀರೆಗಳ ತುಂಡು ಹರಡಿಕೊಂಡು ಕೂರುತ್ತಾರೆ. ತುಂಡುಗಳನ್ನು ಒಂದರ ಮೇಲೊಂದು ಇಟ್ಟು, ಓಡುಹೊಲಿಗೆ ಹಾಕಿ ಕೌದಿ ಮಾಡುತ್ತಾರೆ. ಕೂರಲು ಆಗುವ ರೋಗಿಗಳೂ ಸೂಜಿ ಹಿಡಿದು ಬರುತ್ತಾರೆ. ಇವತ್ತು ಬಂದವರು ಮೂವರು. ಈಗ ಬಹಳಷ್ಟು ಮಂದಿ ಮನೆಯಲ್ಲೇ ಗುಳಿಗೆ ನುಂಗಿ ಗುಣವಾಗುತ್ತಾರಂತೆ. ಇಲ್ಲಿಗೆ ಬರುವವರು ತೀರಾ ಸೋತವರು. ಒಬ್ಬಾಕೆ ನಾಲ್ಕು ಹೊಲಿಗೆ ಹಾಕಿ ಗೋಡೆಗೊರಗಿ ಕಣ್ಣು ಮುಚ್ಚುತ್ತಾಳೆ. ಜಗದೇವಿ ಅವಳ ಕೈಯಿಂದ ಸೂಜಿ ಮೆಲ್ಲಗೆ ತೆಗೆದಿಡುತ್ತಾರೆ.

ಈ ಜಗಲಿ ತುಂಬಿದ್ದ ಕಾಲವೂ ಒಂದಿತ್ತು. ಅದಕ್ಕೆ ಕಾರಣ ವಿಮಲಾ ಎಂಬ ಹೆಣ್ಣುಮಗಳು. ಉಡುಪಿ ಕಡೆಯವಳು, ತಿರುವಲ್ಲಿಕ್ಕೇಣಿಯಲ್ಲಿ ಹೋಟೆಲು ನಡೆಸುವವರ ಹೆಂಡತಿ. ೧೯೫೯ರಲ್ಲಿ ಇಲ್ಲಿ ಸೇರಿದಳು. ಗಂಡ ಮೊದಮೊದಲು ಭಾನುವಾರ ಬರುತ್ತಿದ್ದರು, ಆಮೇಲೆ ಬರಲಿಲ್ಲ. ನಾಲ್ಕು ವರ್ಷದ ಮಗಳನ್ನಂತೂ ಒಮ್ಮೆಯೂ ಕರೆತರಲಿಲ್ಲ. ವಿಮಲಾ ಗೋಡೆಯತ್ತ ತಿರುಗಿ ಮಲಗಿರುತ್ತಿದ್ದಳು.

ಒಂದು ಮಳೆಯ ದಿನ ಜಗದೇವಿ ಅವಳ ಮಂಚದ ಪಕ್ಕದಲ್ಲೇ ಕೂತು ತಮಗಾಗಿ ಕೌದಿ ಹೊಲಿಯುತ್ತಿದ್ದರು. ವಿಮಲಾ ಇತ್ತ ತಿರುಗಿ, "ಅಕ್ಕಾ, ಹೊಲಿಗೆ ಸೊಟ್ಟ ಉಂಟು. ಬಿಚ್ಚಿ ಹಾಕಿ" ಅಂದಳು. ಅವಳು ತಾನಾಗಿ ಆಡಿದ ಮೊದಲ ಮಾತು ಅದು.

ಮರುದಿನ ಅವಳೂ ಸೂಜಿ ಹಿಡಿದಳು. ಪೆಟ್ಟಿಗೆಯಲ್ಲಿದ್ದ ಮದುವೆಯ ಸೀರೆಯನ್ನು ಕತ್ತರಿಸಿ, ಮಗಳಿಗೊಂದು ಪುಟ್ಟ ಕೌದಿ ಶುರು ಮಾಡಿದಳು. ಅದನ್ನು ನೋಡಿ ವಾರ್ಡಿನ ಉಳಿದವರೂ ಬಂದು ಕೂತರು. ತಿರುವೊಟ್ಟಿಯೂರಿನ ಬೆಸ್ತರ ಹೆಂಗಸು ಸುಗುಣಾ ತನ್ನ ಹಸಿರು ರವಿಕೆ ಕೊಟ್ಟು, "ಮಗುವಿಗೆ ಮೀನು ಬೇಕು" ಎಂದು ತಾನೇ ಮೀನು ಕತ್ತರಿಸಿದಳು. ಮತ್ತೊಬ್ಬಳ ಸೀರೆಯಲ್ಲಿ ಗಿಳಿ ಆಯಿತು, ಇನ್ನೊಬ್ಬಳ ಸೆರಗಿನಲ್ಲಿ ಆನೆ. ಆನೆ ಹಂದಿಯ ಹಾಗೆ ಕಂಡಿತೆಂದು ಎಲ್ಲರೂ ಕೆಮ್ಮು ಬರುವಷ್ಟು ನಕ್ಕರಂತೆ.

"ತಮಿಳು, ತೆಲುಗು, ಕನ್ನಡ, ಯಾರು ಏನ್ ಮಾತಾಡ್ತಾರ ಅನ್ನೂದ ಗೊತ್ತಾಗ್ತಿರಲಿಲ್ಲ. ಮಧ್ಯಾಹ್ನ ಯಾವಾಗ ಆದೀತು ಅಂತ ಕಾಯ್ತಿದ್ವಿ. ಅಷ್ಟು ಛಲೋ ದಿನ ನನ್ನ ಮನ್ಯಾಗೂ ಕಂಡಿಲ್ರೀ."

ಬೇಸಿಗೆಯಲ್ಲಿ ವಿಮಲಾ ರಕ್ತ ಕಾರಿ ತೀರಿಕೊಂಡಳು. ಕೌದಿಯ ಒಂದು ಅಂಚು ಉಳಿದಿತ್ತು. ಅದನ್ನು ಉಳಿದವರು ಸೇರಿ ಮುಗಿಸಿದರು. ಜಗದೇವಿ ಅದನ್ನು ಸೋಡಾ ಹಾಕಿ ಕುದಿಸಿ, ಸುಡುಬಿಸಿಲಿನಲ್ಲಿ ಒಣಗಿಸಿ, ಇನ್ನು ಭಯವಿಲ್ಲವೆಂದು ಡಾಕ್ಟರ ಬಾಯಲ್ಲಿ ಕೇಳಿಕೊಂಡು ತಿರುವಲ್ಲಿಕ್ಕೇಣಿಯ ಬಸ್ಸು ಹತ್ತಿದರು.

ಹೋಟೆಲಿನ ಯಜಮಾನರು (ಅವರ ಹೆಸರು ಇಲ್ಲಿ ಬೇಡ) ಗಲ್ಲಾದಿಂದ ಎದ್ದು ಬಂದು ಇವರನ್ನು ಹಿತ್ತಲಿಗೆ ಕರೆದೊಯ್ದರು. ಹೆಂಡತಿ ತವರಿನಲ್ಲಿ ಜ್ವರದಿಂದ ಹೋದಳೆಂದು ಅವರು ಎಲ್ಲರಿಗೂ ಹೇಳಿದ್ದರು.

"ಅದನ್ನು ಒಳಗೆ ತರಬೇಡಿ. ಮಗು ಉಂಟು. ಸುದ್ದಿ ಹೊರಗೆ ಬಿದ್ದರೆ ಹೋಟೆಲಿಗೆ ಯಾರು ಬರ್ತಾರೆ? ಇಲ್ಲಿ ಕೆಲಸ ಮಾಡುವವರ ಗತಿ ಎಂತ?"

ಕುದಿಸಿದ್ದೇನೆ, ಡಾಕ್ಟರು ಹೇಳಿದ್ದಾರೆ ಎಂದು ಜಗದೇವಿ ಎಷ್ಟು ಹೇಳಿದರೂ ಅವರು ಕೇಳಲಿಲ್ಲ. ಕೋಲಿನಿಂದ ಕೌದಿಯನ್ನು ಎತ್ತಿ ನೀರಿನ ಹಂಡೆಯ ಒಲೆಗೆ ತುರುಕಿದರು. ಅವರ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅಡುಗೆಮನೆಯ ಬಾಗಿಲಿಗೆ ಬಂದ ಮಗು ತಮಿಳಿನಲ್ಲಿ, "ಅದು ಎನ್ನಪ್ಪಾ?" ಎಂದು ಕೇಳಿತು. ಅಪ್ಪ ಏನೂ ಇಲ್ಲವೆಂದು ಒಳಗೆ ಕಳಿಸಿದರು.

"ಕಸಕೋಬೇಕಿತ್ತು ಅಂತ ಈಗ ಅನಸ್ತೈತಿ. ಆವಾಗ ಕಾಲ ಏಳಲಿಲ್ಲ. ಪೂರಾ ಸುಡೂತನ ನಿಂತು ನೋಡಿದೆ."

ಸಂಜೆ ಆಸ್ಪತ್ರೆಗೆ ಮರಳಿದಾಗ ವಾರ್ಡಿನ ಹೆಂಗಸರೆಲ್ಲ ಎದ್ದು ಕೂತು ಕಾಯುತ್ತಿದ್ದರು. ಮಗು ಏನಂದಿತು ಎಂದು ಮೊದಲು ಕೇಳಿದವಳು ಸುಗುಣಾ. ಅವಳಿಗೂ ಮನೆಯಲ್ಲಿ ಎರಡು ಮಕ್ಕಳಿದ್ದವು.

"ಹೊತ್ಕೊಂಡು ಮಲಗಿತು, ಮೀನ ಬೆರಳಿಲೆ ಸವರಿ ಸವರಿ ನೋಡಿತು ಅಂದುಬಿಟ್ಟೆ. ಎಲ್ಲಾರೂ ಎಷ್ಟು ಸಂತೋಷ ಪಟ್ರು. ಮರುದಿನ ಸುಗುಣಾ ತನ್ನ ಮಕ್ಕಳಿಗೆ ಕೌದಿ ಹಿಡದಳು."

ಆ ಗುಂಪಿನಲ್ಲಿ ಬದುಕುಳಿದವಳು ಸುಗುಣಾ ಒಬ್ಬಳೇ. ಗುಣವಾಗಿ ಮನೆಗೆ ಹೋದಳು. ವರ್ಷಕ್ಕೊಮ್ಮೆ ಎದೆಯ ಪರೀಕ್ಷೆಗೆ ಬರುತ್ತಾಳೆ. ಬಂದಾಗಲೆಲ್ಲ ವಿಮಲಾಳ ಮಗಳ ಬಗ್ಗೆ ಕೇಳುತ್ತಾಳೆ, ಕೌದಿ ಇನ್ನೂ ಇದೆಯೇ ಎಂದು ವಿಚಾರಿಸುತ್ತಾಳೆ. ಹೋದ ಸಲ ಜಗದೇವಿ, "ಹುಡುಗಿ ಎತ್ತರ ಆಗ್ಯಾಳ, ಈಗ ಕಾಲು ಹೊರಗ ಬರತಾವಂತ" ಎಂದು ಅವಳಿಗೆ ತಮಿಳಿನಲ್ಲಿ ಹೇಳಿದರಂತೆ. ಆ ಮನೆಗೆ ಅವರು ಮತ್ತೆ ಹೋಗಿಯೇ ಇಲ್ಲ.

ಇದನ್ನೆಲ್ಲ ಬರೆಯಬಹುದೇ ಎಂದು ಕೇಳುತ್ತೇನೆ. ಜಗದೇವಿ ದಾರ ಕಡಿದು, ಸೂಜಿಯನ್ನು ಬಟ್ಟೆಗೆ ಸಿಕ್ಕಿಸುತ್ತಾರೆ.

"ನೀವು ಬರಿಯೂದು ಕನ್ನಡದಾಗ ಅಲ್ಲೇನ್ರೀ? ಹಂಗಾರ ಬರೀರಿ. ಸುಗುಣಾಗ ಕನ್ನಡ ಓದಾಕ ಬರೂದಿಲ್ಲ."