ನಂಬರ್ ಹಾಕದ ಹಲಸಿನ ಮರ

ಮೂವತ್ತಾರನೇ ವಯಸ್ಸಿನಲ್ಲಿ ಪಿಎಚ್‌ಡಿ ಸೀಟು ಹುಡುಕಲು ಹೊರಟವಳು ನಾನು. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ನಗ್ತಾರೆ ಅನ್ನೋ ಭಯ ಒಂದು, ನಗದೆ ಕೂರಿಸಿಕೊಂಡು ಬುದ್ಧಿ ಹೇಳ್ತಾರೆ ಅನ್ನೋ ಭಯ ಇನ್ನೊಂದು. ಆಗ ನಾನು ಮೂಡಿಗೆರೆಯ ಒಂದು ಕಾಲೇಜಿನಲ್ಲಿ ಪರಿಸರ ವಿಜ್ಞಾನದ ಅತಿಥಿ ಉಪನ್ಯಾಸಕಿ. ಹತ್ತು ವರ್ಷದಿಂದ ಅತಿಥಿ. ಪಿಎಚ್‌ಡಿ ಇಲ್ಲದವರಿಗೆ ಇನ್ನು ಮುಂದೆ ಈ ಕುರ್ಚಿಯೂ ಇಲ್ಲ ಅಂತ ಸ್ಟಾಫ್ ರೂಮಿನಲ್ಲಿ ಪ್ರತಿ ವರ್ಷ ಒಂದು ಗಾಳಿಸುದ್ದಿ ಏಳುತ್ತಿತ್ತು.

ಆದರೆ ಕೆಲಸದ ಭಯ ಒಂದೇ ಅಲ್ಲ. ನನಗೆ ನಿಜಕ್ಕೂ ಓದಬೇಕಿತ್ತು. ಅಪ್ಪ ಗೋಣಿಬೀಡಿನ ಹತ್ತಿರದ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಆಳುಗಳ ಹಾಜರಿ ಹಾಕುತ್ತಾ ತೋಟ ಸುತ್ತುವಾಗ ನನ್ನನ್ನೂ ಕರೆದುಕೊಂಡು ಹೋಗಿ ಇದು ನಂದಿ, ಇದು ಹೊನ್ನೆ, ಇದು ಹೆಬ್ಬಲಸು ಅಂತ ಒಂದೊಂದು ಮರವನ್ನೂ ಮುಟ್ಟಿಸಿ ತೋರಿಸುತ್ತಿದ್ದರು. ಅಪ್ಪ ಹೋದ ಮೇಲೆ ಆ ಮರಗಳೂ ಒಂದೊಂದಾಗಿ ಹೋದವು. ನೆರಳಿಗೆ ಅಂತ ಬಿಟ್ಟಿದ್ದ ಕಾಡುಮರ ತೆಗೆದು ಎಲ್ಲರೂ ಸಿಲ್ವರ್ ಓಕ್ ನೆಟ್ಟರು. ಅದಕ್ಕೆ ಮೆಣಸಿನ ಬಳ್ಳಿ ಹಬ್ಬಿಸಬಹುದು, ನೆಟ್ಟಗೆ ಬೆಳೆಯುತ್ತದೆ, ಕಡಿಯಲು ತಕರಾರಿಲ್ಲ. ಕಾಫಿ ತೋಟದ ಹಳೇ ನೆರಳುಮರಗಳನ್ನು ಉಳಿಸಿಕೊಳ್ಳೋದು ಹೇಗೆ ಅನ್ನೋದೇ ನನ್ನ ವಿಷಯ ಅಂತ ಬಹಳ ಹಿಂದೆಯೇ ಗಟ್ಟಿ ಮಾಡಿಕೊಂಡಿದ್ದೆ.

ವಿಷಯ ಗಟ್ಟಿ ಇದ್ದರೆ ಸಾಕಾ ಮಾರಾಯ್ತಿ, ಕೈಯಲ್ಲಿ ದುಡ್ಡು ಬೇಡವಾ. ಬಣಕಲ್‌ನ ನನ್ನ ಬಾಡಿಗೆ ರೂಮಿನಲ್ಲಿ ಕಿಟಕಿ ಪಕ್ಕ ಮಾತ್ರ ಸಿಗ್ನಲ್ ಸಿಗುತ್ತಿತ್ತು. ಭಾನುವಾರ ಬಂತೆಂದರೆ ಕಿಟಕಿಗೆ ಒರಗಿ ನಿಂತು ಒಂದೊಂದೇ ವಿಶ್ವವಿದ್ಯಾಲಯದ ಬಾಗಿಲು ತಟ್ಟುತ್ತಿದ್ದೆ. ಖಾಸಗಿಯವರ ಒಂದು ವರ್ಷದ ಫೀಸು ಕೇಳಿಯೇ ಫೋನ್ ಕೆಳಗಿಟ್ಟೆ. ಹೊರದೇಶದವರು ಪೂರ್ತಿ ಖರ್ಚು ನಾವೇ ನೋಡಿಕೊಳ್ಳುತ್ತೇವೆ ಅನ್ನುತ್ತಿದ್ದರು. ಆದರೆ ಅಲ್ಲಿಗೆ ಅರ್ಜಿ ಹಾಕಬೇಕಾದರೆ ಮೊದಲು ಇಂಗ್ಲಿಷ್ ಪರೀಕ್ಷೆ ಬರೆಯಬೇಕು, ಆ ಪರೀಕ್ಷೆಯ ಶುಲ್ಕವೇ ನನ್ನ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು. ಇಲ್ಲಿಯ ಫೆಲೋಶಿಪ್ಪಿಗೆ ವಯಸ್ಸು ಮೀರಿತ್ತು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನೋದು ನನ್ನಂಥವರನ್ನು ನೋಡಿಯೇ ಹುಟ್ಟಿದ ಮಾತಿರಬೇಕು. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಫೀಸು ನನ್ನ ಕೈಗೆಟುಕುವಷ್ಟಿತ್ತು, ಆದರೆ ಗೈಡ್‌ಗಳ ಬಳಿ ಜಾಗ ಖಾಲಿ ಇರಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ಪ್ರೊಫೆಸರುಗಳಿಗೆ ಮೇಲ್ ಬರೆದೆ. ಇಬ್ಬರು ಉತ್ತರ ಕೊಟ್ಟರು. ಒಬ್ಬರದು ಶುಭ ಹಾರೈಕೆ.

ಇನ್ನೊಬ್ಬರು ಘಟ್ಟದ ಕೆಳಗಿನ ಒಂದು ಸರ್ಕಾರಿ ವಿಶ್ವವಿದ್ಯಾಲಯದವರು. ತಮ್ಮ ಬಳಿ ಒಂದೇ ಒಂದು ಜಾಗ ಇದೆ, ಕೆಲಸ ಮಾಡುತ್ತಲೇ ಓದಬಹುದು ಅಂದರು. ಆದರೆ ಅವರ ಹತ್ತಿರ ಪ್ರಾಜೆಕ್ಟ್ ದುಡ್ಡು ಒಂದು ಪೈಸೆಯೂ ಇರಲಿಲ್ಲ. ತೋಟ ನೀವೇ ಹುಡುಕಿ, ಮಾಲೀಕರ ಒಪ್ಪಿಗೆ ಪತ್ರ ನೀವೇ ತನ್ನಿ, ಅಲ್ಲಿಯ ಎಲ್ಲ ಕಾಡುಮರಗಳ ಹೆಸರು, ಸುತ್ತಳತೆ, ನಿಂತ ಜಾಗ ಬರೆದ ಪಟ್ಟಿ ತಂದುಕೊಟ್ಟರೆ ರಿಜಿಸ್ಟ್ರೇಷನ್‌ಗೆ ಸಹಿ ಹಾಕುತ್ತೇನೆ ಅಂದರು. ನಾನು ಆ ಫೋನ್ ಇಟ್ಟ ಮೇಲೆ ಅತ್ತೆ. ಸಂತೋಷಕ್ಕೇ ಅತ್ತೆ.

ತೋಟ ಸಿಕ್ಕಿದ್ದು ಕಳಸದ ದಾರಿಯಲ್ಲಿ. ನನ್ನ ಹಳೇ ವಿದ್ಯಾರ್ಥಿನಿಯೊಬ್ಬಳ ದೊಡ್ಡಪ್ಪನ ತೋಟ. ಎಲ್ಲರೂ ಅವರನ್ನು ಸಾಹುಕಾರ್ರು ಅಂತಲೇ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಅರವತ್ತು ದಾಟಿದ, ಮೆಲುಮಾತಿನ ಮನುಷ್ಯ. ಹಳ್ಳದ ಪಕ್ಕದ ಬ್ಲಾಕಿನಲ್ಲಿ ಅವರ ಅಜ್ಜನ ಕಾಲದ ಕಾಡುಮರಗಳು ಹಾಗೇ ಇದ್ದವು. ಹಗಲು ಹನ್ನೆರಡಕ್ಕೂ ಅಲ್ಲಿ ತಂಪು. ಒಪ್ಪಿಗೆ ಪತ್ರಕ್ಕೆ ಅಲ್ಲೇ ಸಹಿ ಹಾಕಿದರು. ಖಾಲಿ ಬಿದ್ದಿದ್ದ ರೈಟರ್ ಕ್ವಾರ್ಟರ್ಸಿನ ಬೀಗದ ಕೈ ಕೊಟ್ಟರು, ಊಟ ನಮ್ಮ ಮನೆಯಲ್ಲೇ ಅಂದರು. ಅಷ್ಟೇ ಅಲ್ಲ, ಓದುವ ಹೆಣ್ಣುಮಗಳು ನೀವು, ಮೊದಲ ವರ್ಷದ ಫೀಸು ನನ್ನದಿರಲಿ ಅಂದರು. ನನಗೆ ನಾಚಿಕೆಯಾಯಿತು, ಬೇಡ ಅನ್ನಲಿಲ್ಲ. ಅವರು ಕೇಳಿದ್ದು ಒಂದೇ. ಪಟ್ಟಿ ಆದ ಮೇಲೆ ನನಗೂ ಒಂದು ಕಾಪಿ ಕೊಡಿ ಮೇಡಂ, ನಮ್ಮ ತೋಟದಲ್ಲಿ ಏನಿದೆ ಅಂತ ನಮಗೂ ಗೊತ್ತಾಗಲಿ. ಎಂಥ ಒಳ್ಳೆ ಮನಸ್ಸು ಅಂದುಕೊಂಡೆ. ದಡ್ಡಿ.

ಡಿಸೆಂಬರಿನಿಂದ ಫೆಬ್ರವರಿವರೆಗೆ ಶನಿವಾರ ಭಾನುವಾರ ಒಂದೂ ಬಿಡದೆ ಆ ಬ್ಲಾಕಿನಲ್ಲಿ ಕಳೆದೆ. ಕಾಫಿ ಹಣ್ಣು ಕುಯ್ಯುವ ಕಾಲ. ಆಳುಗಳು ಆ ಕಡೆ, ನಾನು ಈ ಕಡೆ, ಕೈಯಲ್ಲಿ ಟೇಪು, ನೋಟ್‌ಬುಕ್ಕು, ಬಿಳಿ ಪೇಂಟಿನ ಡಬ್ಬಿ. ಅಳೆದ ಮರಕ್ಕೆ ಎದೆಮಟ್ಟದಲ್ಲಿ ಒಂದು ಅಂಕಿ. ಕನ್ನಡ ಅಂಕಿಯಲ್ಲೇ ಬರೆದೆ, ಅದೂ ಒಂದು ಒಣ ಜಂಬ. ನೂರ ಹದಿನೇಳನೆಯದು ಹಳ್ಳದ ದಂಡೆಯ ಹೆಬ್ಬಲಸು. ನನ್ನ ಟೇಪು ಅದರ ಸುತ್ತಕ್ಕೆ ಸಾಲದೆ ಸೀರೆಯ ಸೆರಗು ಸೇರಿಸಿ ಅಳೆದೆ. ಆವತ್ತು ಅಪ್ಪ ಇದ್ದಿದ್ದರೆ ಅಂತ ಬಹಳ ಅನ್ನಿಸಿತು.

ಆಳುಗಳು ನನ್ನ ಅಂಕಿಗಳನ್ನು ನೋಡಿ ಮಾತಾಡುವುದನ್ನೇ ನಿಲ್ಲಿಸುತ್ತಿದ್ದರು. ಕಾರಣ ಗೊತ್ತಾಗಿದ್ದು ಕೊನೆಯ ವಾರ. ಬ್ಲಾಕಿನ ಮೇಲ್ತುದಿಯಲ್ಲಿ, ಆಳುಗಳ ಲೈನ್‌ಮನೆಗೆ ಹೋಗುವ ದಾರಿಯಲ್ಲಿ ಒಂದು ಹಲಸಿನ ಮರ ಇತ್ತು. ಅದನ್ನು ಅಳೆದು ಬ್ರಷ್ ಎತ್ತುವಷ್ಟರಲ್ಲಿ ಒಬ್ಬ ಅಜ್ಜಿ ಬುಟ್ಟಿ ಕೆಳಗಿಟ್ಟು ಬಂದು ಮರಕ್ಕೆ ಬೆನ್ನು ಕೊಟ್ಟು ನಿಂತಳು. ಆ ತೋಟದಲ್ಲೇ ಹುಟ್ಟಿ ಅಲ್ಲೇ ಮುದುಕಿಯಾದವಳು.

"ಇದಕ್ಕೆ ಹಾಕ್ಬೇಡಿ ಮೇಡಮ್ಮ. ನಂಬರ್ ಬಿದ್ದ ಮರ ನಿಲ್ಲಲ್ಲ."

ನಾನು ನಕ್ಕೆ. ಇದು ಕಡಿಯುವ ನಂಬರ್ ಅಲ್ಲ, ಉಳಿಸುವ ನಂಬರ್ ಅಂತ ಪಾಠ ಮಾಡಿದೆ. ಅವಳು ಅಲ್ಲಾಡಲಿಲ್ಲ. ಇದೇ ಕೊಂಬೆಗೆ ಜೋಲಿ ಕಟ್ಟಿ ನನ್ನ ನಾಲ್ಕು ಮಕ್ಕಳನ್ನು ಮಲಗಿಸಿ ಹಣ್ಣು ಕುಯ್ದಿದ್ದೇನೆ, ಲೈನಿನವರೆಲ್ಲ ಮಳೆಗಾಲದಲ್ಲಿ ಇದರದ್ದೇ ಹಣ್ಣು ತಿನ್ನೋದು ಅಂದಳು. ಸರಿ ಅಜ್ಜಿ, ಹಾಕಲ್ಲ ಅಂತ ಮಾತು ಕೊಟ್ಟು ಮುಂದೆ ಹೋದೆ. ಒಳಗೆ ಸಿಟ್ಟು ಬಂದಿತ್ತು. ಒಂದು ಮರ ಬಿಟ್ಟರೆ ಪಟ್ಟಿ ಅರ್ಧಂಬರ್ಧ ಆಗುತ್ತದಲ್ಲ. ನಾಳೆ ಇವಳು ಬೇರೆ ಬ್ಲಾಕಿಗೆ ಹೋದಾಗ ಬಂದು ಹಾಕಿದರಾಯ್ತು ಅಂದುಕೊಂಡೆ. ಮಾರನೇ ದಿನ ಪೇಂಟು ಖಾಲಿಯಾಯಿತು, ಆಮೇಲೆ ಪರೀಕ್ಷೆ ಶುರುವಾಯಿತು, ಹಲಸು ಮರೆತೇ ಹೋಯಿತು, ಪಟ್ಟಿಗೂ ಸೇರಲಿಲ್ಲ.

ಪಟ್ಟಿಯ ಒಂದು ಪ್ರತಿ ಗೈಡ್‌ಗೆ, ಒಂದು ಸಾಹುಕಾರ್ರಿಗೆ. ಗೈಡ್ ತಾತ್ಕಾಲಿಕ ಒಪ್ಪಿಗೆ ಕೊಟ್ಟರು. ಸಾಹುಕಾರ್ರು ಫೀಸು ಕಟ್ಟಿದರು. ಆ ಮಾರ್ಚ್ ತಿಂಗಳಿನಷ್ಟು ಹಗುರವಾಗಿ ನಾನು ಯಾವತ್ತೂ ಓಡಾಡಿಲ್ಲ. ಪಾಠ ಮಾಡುವಾಗಲೂ ಹುಡುಗರು ಮುಖ ಮುಖ ನೋಡಿಕೊಳ್ಳುವಷ್ಟು ನಗುತ್ತಿದ್ದೆ.

ಮೇ ತಿಂಗಳ ಒಂದು ಮಧ್ಯಾಹ್ನ ಬಣಕಲ್‌ನಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಕೊಟ್ಟಿಗೆಹಾರದ ಕಡೆಯಿಂದ ಬಂದ ಒಂದು ಲಾರಿ ಹೋಟೆಲಿನ ಮುಂದೆ ನಿಂತಿತು, ಡ್ರೈವರ್ ಟೀ ಕುಡಿಯಲು ಇಳಿದ. ಲಾರಿಯ ತುಂಬ ದಿಮ್ಮಿ. ಈ ರಸ್ತೆಯಲ್ಲಿ ಅದೇನು ಹೊಸದಲ್ಲ, ನಾನು ನೋಡಿದ್ದೂ ಸುಮ್ಮನೆ. ಕೆಳಗಿನ ದಿಮ್ಮಿಯ ತೊಗಟೆಯ ಮೇಲೆ ಬಿಳಿ ಪೇಂಟಿನಲ್ಲಿ ೧೧೭ ಅಂತ ಇತ್ತು. ನನ್ನದೇ ಕೈಬರಹ. ಏಳರ ಬಾಲ ನಾನು ಯಾವಾಗಲೂ ಉದ್ದ ಎಳೆಯುತ್ತೇನೆ.

ಬಸ್ಸು ಬಂತು, ಹೋಯಿತು. ನಾನು ಕೂತೇ ಇದ್ದೆ. ಹೋಟೆಲಿನವರು ಯಾಕೆ ಮೇಡಂ ಹುಷಾರಿಲ್ವಾ ಅಂತ ನೀರು ತಂದುಕೊಟ್ಟರು.

ಮಾರನೇ ದಿನ ಕಳಸದ ಬಸ್ಸು ಹತ್ತಿದೆ. ಬೈಯಬೇಕು ಅಂತಲೇ ಹೋದೆ, ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೇ ಹೋದೆ. ಆದರೆ ಸಾಹುಕಾರ್ರು ನನ್ನನ್ನು ನೋಡಿ ಖುಷಿಯಿಂದ ಎದ್ದು ನಿಂತರು.

"ನಿಮ್ಮಿಂದ ದೊಡ್ಡ ಉಪಕಾರ ಆಯ್ತು ಮೇಡಂ. ಯಾವ ಮರ, ಎಷ್ಟು ಸುತ್ತು, ಎಲ್ಲಿದೆ, ಎಲ್ಲ ಕೈಗೇ ಕೊಟ್ಟುಬಿಟ್ರಿ. ಕಡಿಯೋಕೆ ಅರಣ್ಯ ಇಲಾಖೆಗೆ ಅರ್ಜಿ ಹಾಕೋದು ಸಲೀಸಾಯ್ತು."

ಎಲ್ಲ ಕಾನೂನು ಪ್ರಕಾರವೇ ಆಗಿತ್ತು, ಕಾಗದಗಳನ್ನೂ ತೋರಿಸಿದರು. ಅವರದ್ದೂ ಒಂದು ಕಷ್ಟ ಇತ್ತು. ಮರಗಸಿಗೆ ಜನ ಸಿಗುವುದಿಲ್ಲ. ಅಷ್ಟೆತ್ತರ ಹತ್ತಿ ಕೊಂಬೆ ಸವರುವವರು ಸತ್ತರು, ಅವರ ಮಕ್ಕಳು ಹತ್ತುವುದಿಲ್ಲ. ನೆರಳು ಜಾಸ್ತಿಯಾಗಿ ಕಾಫಿ ಕೊಳೆಯುತ್ತಿತ್ತು. ನಾನು ಜೋಡಿಸಿಕೊಂಡ ಮಾತು ಒಂದೂ ಹೊರಗೆ ಬರಲಿಲ್ಲ. ಅವರ ಮನೆಯ ಅನ್ನ ತಿಂದಿದ್ದೆ, ಅವರು ಕಟ್ಟಿದ ಫೀಸಿನ ರಸೀದಿ ನನ್ನ ಚೀಲದಲ್ಲಿತ್ತು. ಅವರು ಮೋಸ ಮಾಡಿದರು ಅಂತ ಹೇಳಲೂ ಆಗುವುದಿಲ್ಲ. ಪಟ್ಟಿ ಯಾತಕ್ಕೆ ಅಂತ ನಾನು ಕೇಳಿರಲೇ ಇಲ್ಲ. ಕೊಡಲಿ ಕಾವು ಕುಲಕ್ಕೆ ಸಾವು ಅಂತ ಅಪ್ಪ ಯಾರನ್ನಾದರೂ ಬೈಯುವಾಗ ಹೇಳುತ್ತಿದ್ದರು. ಆವತ್ತು ಆ ಮಾತು ನನಗೇ ಬಂದು ತಾಗಿತು.

ಬ್ಲಾಕಿಗೆ ಹೋಗದೆ ಬಣಕಲ್‌ಗೆ ವಾಪಸು ಬಂದು ಗೈಡ್‌ಗೆ ಫೋನ್ ಮಾಡಿದೆ. ಇನ್ನು ನನ್ನ ವಿಷಯವೇ ಇಲ್ಲ ಸರ್, ಮರಗಳೇ ಇಲ್ಲ, ನನ್ನ ಹೆಸರು ತೆಗೆದುಬಿಡಿ ಅಂದೆ. ಅವರು ಒಪ್ಪಲಿಲ್ಲ.

"ಇದು ನಷ್ಟ ಅಲ್ಲಮ್ಮ. ಕಡಿಯೋದಕ್ಕೆ ಮೊದಲಿನ ಪಟ್ಟಿ ನಿಮ್ಮ ಹತ್ರ ಇದೆ. ಕಡಿದ ಮೇಲಿನದ್ದೂ ಮಾಡಿ. ಇಂಥ ಡೇಟಾ ಯಾರಿಗೆ ಸಿಗುತ್ತೆ?"

ಉಳಿದ ಮರಗಳಿಗೆ ಹೊಸ ನಂಬರ್ ಹಾಕಿ ತಿಂಗಳ ಕೊನೆಯೊಳಗೆ ಪಟ್ಟಿ ಕಳಿಸಿದರೆ ಖಾಯಂ ರಿಜಿಸ್ಟ್ರೇಷನ್, ಇಲ್ಲದಿದ್ದರೆ ಜಾಗ ಬೇರೆಯವರಿಗೆ ಅಂದರು. ಹೇಳೋದಕ್ಕೆ ಅಸಹ್ಯ ಅನ್ನಿಸುತ್ತದೆ, ಆ ಕ್ಷಣ ನನಗೆ ಒಂದಿಷ್ಟು ಸಮಾಧಾನವಾಯಿತು. ಸೀಟು ಹೋಗಿರಲಿಲ್ಲ. ಸಾಹುಕಾರ್ರಿಗೂ ಫೋನ್ ಮಾಡಿ ತೋಟಕ್ಕೆ ಬರುತ್ತೇನೆ ಅಂದೆ. ಧಾರಾಳವಾಗಿ ಬನ್ನಿ, ಉಳಿದದ್ದರ ಪಟ್ಟಿಯೂ ಒಂದು ಕಾಪಿ ಇರಲಿ ಅಂದರು.

ಹೊಸ ಪೇಂಟಿನ ಡಬ್ಬಿ ತೆಗೆದುಕೊಂಡು ಹೋದೆ. ಬ್ಲಾಕಿನ ತಂತಿಬೇಲಿ ದಾಟಿದೊಡನೆ ಕಣ್ಣು ಬಿಡಲಾಗದಷ್ಟು ಬೆಳಕು. ಬಿದ್ದ ಮರಗಳ ಅಡಿ ಸಿಕ್ಕ ಕಾಫಿ ಗಿಡಗಳು ಸೀಳಿಕೊಂಡು ಬಿದ್ದಿದ್ದವು, ನಿಂತಿದ್ದವುಗಳ ಎಲೆ ಬಿಸಿಲಿಗೆ ಕೆಂಪಗಾಗಿತ್ತು. ಮೊಣಕಾಲುದ್ದದ ಸಿಲ್ವರ್ ಓಕ್ ಸಸಿಗಳ ಚೀಲಗಳನ್ನು ದಾರಿಬದಿ ಇಳಿಸಿದ್ದರು. ಕಾಂಟ್ರಾಕ್ಟರ್ ಕಡೆಯವರು ನನ್ನ ಪಟ್ಟಿ ಹಿಡಿದು ಒಂದರಿಂದ ಕೊನೆಯವರೆಗೆ ಒಂದೂ ತಪ್ಪದೆ ಉರುಳಿಸಿದ್ದರು. ಮೇಲ್ತುದಿಯಲ್ಲಿ ಒಂದೇ ಒಂದು ಮರ ಇತ್ತು. ಹಲಸು.

ಅಜ್ಜಿ ಅದರಡಿ ಕೂತು ಸೌದೆ ಕಟ್ಟುತ್ತಿದ್ದಳು. ನನ್ನನ್ನು ನೋಡಿ ಎದ್ದು ಬಂದು ಎರಡೂ ಕೈ ಹಿಡಿದುಕೊಂಡಳು. ಗರಗಸದವರು ಇಲ್ಲಿವರೆಗೂ ಬಂದಿದ್ದರಂತೆ. ನಂಬರ್ ಇಲ್ಲ, ಪಟ್ಟಿಯಲ್ಲೂ ಇಲ್ಲ, ಇದನ್ನು ಕಡಿದು ಚೆಕ್‌ಪೋಸ್ಟಿನಲ್ಲಿ ಸಿಕ್ಕಿಬೀಳೋದು ಯಾರು ಅಂತ ಬಿಟ್ಟು ಹೋದರಂತೆ. ಕೊಟ್ಟ ಮಾತು ಉಳಿಸಿಕೊಂಡ್ರಿ ಮೇಡಮ್ಮ, ನಿಮ್ಮ ಹೊಟ್ಟೆ ತಣ್ಣಗಿರಲಿ ಅಂದಳು.

ನನಗೆ ತಡೆಯಲಾಗಲಿಲ್ಲ. ಎಲ್ಲರ ಹತ್ತಿರ ಬಾಯಿ ಮುಚ್ಚಿಕೊಂಡಿದ್ದು ಸಾಕಾಗಿತ್ತು.

"ಮಾತು ಉಳಿಸಿಕೊಳ್ಳಲಿಲ್ಲ ಅಜ್ಜಿ. ನೀವಿಲ್ಲದಾಗ ಬಂದು ಹಾಕಬೇಕು ಅಂತಲೇ ಇದ್ದೆ. ಮರೆತುಹೋಯ್ತು, ಅಷ್ಟೇ."

ಅವಳು ನನ್ನ ಕೈ ಬಿಟ್ಟಳು. ನನ್ನ ಮುಖ ನೋಡಿದಳು, ಆಮೇಲೆ ಚೀಲದಿಂದ ಇಣುಕುತ್ತಿದ್ದ ಪೇಂಟಿನ ಡಬ್ಬಿ ನೋಡಿದಳು. ಬೈದರೆ ಬೈಸಿಕೊಳ್ಳೋಣ ಅಂತ ನಿಂತಿದ್ದೆ. ಬೈಯಲಿಲ್ಲ.

"ಹಂಗಾದ್ರೆ ಇನ್ನೊಂದ್ ಸಲ ಮರೀರಿ," ಅಂದಳು. ಸೌದೆ ಹೊರೆ ತಲೆಗೇರಿಸಿಕೊಂಡು ಲೈನಿನ ಕಡೆ ಹೋದಳು.

ಪಟ್ಟಿ ಕಳಿಸಿದೆ. ಉಳಿದ ಕಾಡುಮರ ಅನ್ನುವ ಕಡೆ ಸೊನ್ನೆ ಬರೆದೆ. ಸಾಹುಕಾರ್ರಿಗೂ ಅದರದ್ದೇ ಕಾಪಿ ಕೊಟ್ಟೆ. ಹದಿನೈದು ದಿನಕ್ಕೆ ರಿಜಿಸ್ಟ್ರೇಷನ್ ಪತ್ರ ಬಂತು. ಸಂರಕ್ಷಣೆಯ ವಿಷಯದಲ್ಲಿ ನಾನು ಈಗ ಸಂಶೋಧನಾ ವಿದ್ಯಾರ್ಥಿ. ಕಾಲೇಜಿನಲ್ಲಿ ಎಲ್ಲರಿಗೂ ಸಿಹಿ ಹಂಚಿದೆ. ಬರೆಯುತ್ತಿರುವ ಪ್ರಬಂಧದ ಮೊದಲ ಕೋಷ್ಟಕವೇ ಸುಳ್ಳು ಅನ್ನೋದು ನನಗೆ ಮತ್ತು ಓದು ಬಾರದ ಒಬ್ಬ ಅಜ್ಜಿಗೆ ಮಾತ್ರ ಗೊತ್ತು. ಸಿಕ್ಕಿಬಿದ್ದರೆ ಸೀಟೂ ಇಲ್ಲ, ಕುರ್ಚಿಯೂ ಇಲ್ಲ. ಹೇಳಿದರೆ ಆ ಮರ ಇಲ್ಲ.

ಜೂನ್ ಕೊನೆಯಲ್ಲಿ ಕಳಸದ ಬಸ್ಸಿನ ಕಂಡಕ್ಟರ್ ನನ್ನ ಹೆಸರು ಕೇಳಿಕೊಂಡು ಬಂದು ಒಂದು ಹಲಸಿನ ಹಣ್ಣು ಇಳಿಸಿ ಹೋದ. ರೂಮಿನ ತುಂಬ ಅದರ ವಾಸನೆ. ಎರಡು ದಿನ ಮೂಲೆಯಲ್ಲೇ ಇತ್ತು. ಕುಯ್ಯಲು ಕೈ ಬರದೆ, ಮೂರನೇ ದಿನ ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟೆ. ಯಾವ ಮರದ್ದು, ಬಹಳ ಸಿಹಿ ಇದೆ ಅಂತ ಅವರು ಕೇಳಿದರು. ಗೊತ್ತಿಲ್ಲ ಅಂದೆ.