ಬೋಟು ಹತ್ತಿದ ಗುಂಡುಕಲ್ಲು

ನಾಯಂಡಹಳ್ಳಿಯಲ್ಲಿ ಬೋಟು ರಿಪೇರಿ ಮಾಡುವವನೊಬ್ಬನಿದ್ದಾನೆ ಎಂದರೆ ಅಲ್ಲಿನ ಆಟೋದವರೇ ನಗುತ್ತಾರೆ. ಹರಿಯುವ ನೀರು ಅಂತ ಅಲ್ಲಿರುವುದು ವೃಷಭಾವತಿ ಒಂದೇ. ಅದರಲ್ಲಿ ಬೋಟು ಬಿಡುವ ಮಾತು ಹಾಗಿರಲಿ, ಮೂಗು ಮುಚ್ಚಿಕೊಳ್ಳದೆ ಪಕ್ಕದಲ್ಲಿ ನಿಲ್ಲುವುದೇ ಕಷ್ಟ. ಆದರೂ ಮೆಟ್ರೋ ಕಂಬಗಳ ಹಿಂದಿನ ಓಣಿಯಲ್ಲಿ, ಪ್ಲೈವುಡ್ ಗೋಡೌನಿಗೂ ಟೈರ್ ಅಂಗಡಿಗೂ ನಡುವೆ ಬೈರಯ್ಯನ ಶೆಡ್ಡು ಇದೆ. ಬೋಟಿನ ಹಿಂದೆ ನೀರೊಳಗೆ ತಿರುಗುವ ಪ್ರೊಪೆಲ್ಲರುಗಳು ಮಂಗಳೂರು, ಕಾರವಾರದ ಕಡೆಯಿಂದ ಗೋಣಿಚೀಲ ಸುತ್ತಿಕೊಂಡು, ಬಸ್ಸು ಹತ್ತಿ ಅಲ್ಲಿಗೆ ಬರುತ್ತವೆ. ಬೈರಯ್ಯ ಅವನ್ನು ಫ್ಯಾನು ಅನ್ನುತ್ತಾನೆ.

ಅವನು ಮೊದಲು ಪಂಪ್‌ಸೆಟ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ. ಕಾರ್ಖಾನೆ ಮುಚ್ಚಿದ ಮೇಲೆ ಈ ಶೆಡ್ಡು ಹಿಡಿದ. ಒಂದು ದಿನ ಯಾರೋ ಸೊಟ್ಟಗಾದ ಬೋಟಿನ ಫ್ಯಾನು ತಂದು, ‘ಇದೂ ನೀರು ತಳ್ಳೋದೇ ಅಲ್ವಾ, ನೋಡಿ’ ಎಂದರು. ನೋಡಿದ. ಅಂದಿನಿಂದ ಅದೇ ಅವನ ಅನ್ನ. ಫ್ಯಾನಿನ ಎಲೆಯ ಅಂಚಿಗೆ ಸುತ್ತಿಗೆಯಿಂದ ಚೂರೇ ಚೂರು ಬಾಗು ಕೊಟ್ಟರೆ ನೀರು ಜಾರದೆ ಸಿಕ್ಕಿಕೊಳ್ಳುತ್ತದೆ, ಬೋಟು ಮುಂದಕ್ಕೆ ಚಿಮ್ಮುತ್ತದೆ. ಬಾಗು ಹೆಚ್ಚಾದರೆ ಇಂಜಿನ್ನು ಏದುಸಿರು ಬಿಡುತ್ತದೆ. ಆ ಹದ ಅವನ ಕೈಗೆ ಹತ್ತಿತ್ತು. ಆದರೆ ಈಜು ಮಾತ್ರ ಬರುತ್ತಿರಲಿಲ್ಲ. ಇಷ್ಟು ವರ್ಷ ಬೋಟುಗಳಿಗೆ ವೇಗ ಕೊಟ್ಟವನು ಓಡುವ ಬೋಟಿನಲ್ಲಿ ಒಮ್ಮೆಯೂ ಕೂತವನಲ್ಲ. ಮಿಠಾಯಿ ಮಾಡುವವನಿಗೆ ಸಕ್ಕರೆ ಕಾಯಿಲೆ ಇದ್ದ ಹಾಗೆ ಅವನ ಕಥೆ.

ಕೂತವಳು ಮಗಳು ವರಲಕ್ಷ್ಮಿ. ಅದಕ್ಕೆ ಬೈರಯ್ಯ ಯಾರನ್ನೂ ದೂರುವ ಹಾಗಿಲ್ಲ. ರಾಮನಗರದಾಚೆಯ ಜಲಾಶಯಕ್ಕೆ ಫ್ಯಾನು ಕೂರಿಸಲು ಹೋಗುವಾಗಲೆಲ್ಲ, ಮನೆಯಲ್ಲಿ ಬೇಜಾರು ಅಂತ ರಚ್ಚೆ ಹಿಡಿಯುತ್ತಿದ್ದ ಹುಡುಗಿಯನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಹೋಗುತ್ತಿದ್ದವನು ಅವನೇ. ಅಪ್ಪ ದಡದಲ್ಲಿ ಬೋಲ್ಟು ಬಿಗಿಯುತ್ತಿದ್ದರೆ ಮಗಳು ನೀರು ನೋಡುತ್ತಿದ್ದಳು. ಈಗ ವಾರವೆಲ್ಲ ವಿಜಯನಗರದ ಡ್ರೈವಿಂಗ್ ಸ್ಕೂಲಿನಲ್ಲಿ ಹೆಂಗಸರಿಗೆ ಕಾರು ಕಲಿಸುತ್ತಾಳೆ, ಭಾನುವಾರ ಬಂದರೆ ಅದೇ ಜಲಾಶಯದಲ್ಲಿ ರೇಸು ಬೋಟು. ಬೋಟಿನ ಯಜಮಾನ ಜಗನ್ನಾಥ ಮಾತಿನಲ್ಲಿ ಒರಟ, ಮನಸ್ಸಿನಲ್ಲಿ ಅಲ್ಲ. ರೇಸು ಹತ್ತಿರ ಬಂದಾಗ ಅವನು ಒಂದೇ ಮಾತು ಹೇಳಿದ್ದ.

“ಈ ತಿಂಗಳು ಮುಗಿಯೋದ್ರೊಳಗೆ ಬೋಟನ್ನ ಗಂಟೆಗೆ ಅರವತ್ತು ಮೈಲಿ ದಾಟಿಸಮ್ಮ. ದಾಟಿಸಿದ್ರೆ ರೇಸಲ್ಲಿ ಸ್ಟಿಯರಿಂಗು ನಿಂದು. ಇಲ್ಲಾಂದ್ರೆ ಬೇರೆಯೋರನ್ನ ಕೂರಿಸ್ತೀನಿ, ಬೇಜಾರ್ ಮಾಡ್ಕೋಬೇಡ.”

ಆಗಲೇ ಅವಳು ಐವತ್ತೆಂಟಕ್ಕೆ ಬಂದಿದ್ದಳು. ಇನ್ನೆರಡು ಮೈಲಿ. ಅಪ್ಪನ ಒಂದು ಹದವಾದ ಫ್ಯಾನು, ಬೋಟಿನ ಬೆನ್ನಿಗೆ ಇಂಜಿನ್ನು ಬಿಗಿಯುವ ಬೋಲ್ಟಿನ ತೂತುಗಳಲ್ಲಿ ಅದನ್ನು ಒಂದು ತೂತು ಮೇಲಕ್ಕೇರಿಸಿ ಕಟ್ಟುವುದು, ಇಷ್ಟೇ ಬಾಕಿ.

ಆದರೆ ಬೈರಯ್ಯನ ತಲೆಯೊಳಗೆ ಬೇರೆಯೇ ಒಂದು ಚಿತ್ರ ಕೂತಿತ್ತು. ಹಿಂದಿನ ವರ್ಷ ಅದೇ ನೀರಿನಲ್ಲಿ ಮಹದೇವ ಎಂಬ ಹುಡುಗ ಓಡಿಸುತ್ತಿದ್ದ ಬೋಟು ಮೂತಿ ಎತ್ತಿ ಎತ್ತಿ ಕುಪ್ಪಳಿಸಿ, ಕೊನೆಗೆ ದೋಸೆ ಮಗುಚಿದಂತೆ ಹಿಂದಕ್ಕೆ ಮಗುಚಿತ್ತು. ಫ್ಯಾನು ಬೈರಯ್ಯನದೇ. ಫ್ಯಾನಿನಲ್ಲಿ ತಪ್ಪಿರಲಿಲ್ಲ, ಹುಡುಗ ಮೂತಿಯನ್ನು ಅಳತೆ ಮೀರಿ ಎತ್ತಿಸಿದ್ದ ಎಂದು ಎಲ್ಲರೂ ಹೇಳಿದರು. ಮಹದೇವ ಬದುಕಿಕೊಂಡ, ಈಗಲೂ ಕಾಲೆಳೆದುಕೊಂಡು ನಡೆಯುತ್ತಾನೆ. ಮಗಳ ಬೋಟಿನ ಮೂತಿ ನೀರು ಬಿಟ್ಟು ಮೇಲೆದ್ದಾಗಲೆಲ್ಲ ಬೈರಯ್ಯ ದಡದಲ್ಲಿ ತಲೆ ತಗ್ಗಿಸಿ, ಬೋಲ್ಟು ಬಿಗಿಯುವ ಪಾನಾ ಒರೆಸುವವನಂತೆ ನಟಿಸುತ್ತಿದ್ದ.

ಬೇಡ ಅನ್ನಬಹುದಿತ್ತಲ್ಲ ಎಂದು ನೀವು ಕೇಳಬಹುದು. ಮಗಳ ಮುಖ ನೋಡಿ ಬೇಡ ಅನ್ನಲು ಅವನಿಗೆ ಯಾವತ್ತೂ ಬಂದಿಲ್ಲ. ಅದಕ್ಕೇ ಒಂದು ಶನಿವಾರ ಯಾರೂ ಮಾಡದ ಕೆಲಸ ಮಾಡಿದ. ಮೂಡಲಪಾಳ್ಯದ ಮನೆಯ ಮೆಟ್ಟಿಲ ಕೆಳಗೆ, ಮಿಕ್ಸಿ ಬಂದ ಮೇಲೆ ಯಾರಿಗೂ ಬೇಡವಾಗಿ ಮಲಗಿದ್ದ ಒರಳಿನ ಗುಂಡುಕಲ್ಲನ್ನು ಹೆಂಡತಿಯ ಹಳೆ ಸೀರೆಯ ತುಂಡಿನಲ್ಲಿ ಸುತ್ತಿ, ಸ್ಕೂಟರಿನ ಮುಂದೆ ಇಟ್ಟುಕೊಂಡು ಜಲಾಶಯಕ್ಕೆ ಹೊರಟ. ಫ್ಯಾನು ನೋಡುವ ನೆಪದಲ್ಲಿ ಬೋಟಿನ ಮೂತಿಯ ಒಳಗೂಡಿನಲ್ಲಿ, ಹಳೆ ಹಗ್ಗ ಮತ್ತು ಹೆಚ್ಚುವರಿ ಲೈಫ್ ಜಾಕೆಟ್‌ಗಳ ಅಡಿ, ಅದನ್ನು ಮಲಗಿಸಿ ಬಂದ. ಮೂತಿ ಭಾರವಾದರೆ ಮೇಲೇಳುವುದು ಕಡಿಮೆ, ಮಗುಚುವ ಮಾತೇ ಇಲ್ಲ ಎಂಬುದು ಅವನ ಲೆಕ್ಕ.

ಭಾರಕ್ಕೆ ಮರಳು ಚೀಲ ಸಾಲುತ್ತಿರಲಿಲ್ಲವೇ? ಸಾಲುತ್ತಿತ್ತು. ಆದರೆ ಅದು ಬರೀ ಭಾರದ ಕಲ್ಲಲ್ಲ. ವರಲಕ್ಷ್ಮಿಯನ್ನು ತೊಟ್ಟಿಲಿಗೆ ಹಾಕಿದ ದಿನ, ನಮ್ಮ ಕಡೆಯ ಪದ್ಧತಿಯಂತೆ, ಮೊದಲು ತೊಟ್ಟಿಲು ಹತ್ತಿದ್ದು ಇದೇ ಕಲ್ಲು. ಅದಕ್ಕೆ ಅರಿಶಿನ ಹಚ್ಚಿ, ಕುಲಾವಿ ತೊಡಿಸಿ, ಕಾಡಿಗೆಯಲ್ಲಿ ಕಣ್ಣು ಬರೆದು, ಮಗುವೆಂದೇ ತೂಗಿ, ‘ಗುಂಡುಕಲ್ಲಿನ ಹಾಗಿರು’ ಎಂದು ಹರಸಿದ್ದರು. ಅವಳು ಹಾಗೇ ಬೆಳೆದಳು, ಒಂದು ದಿನ ಆಸ್ಪತ್ರೆಯಲ್ಲಿ ಮಲಗಲಿಲ್ಲ. ಆ ಕಲ್ಲು ಕಾಯುತ್ತದೆ ಎಂದು ಬೈರಯ್ಯ ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ನಂಬಿದ್ದು ಮಾತ್ರ ನಿಜ.

ಕಲ್ಲು ಕಾಯಿತೋ ಇಲ್ಲವೋ, ವೇಗವನ್ನಂತೂ ತಿಂದಿತು. ಮರುದಿನ ಬೋಟು ಐವತ್ತನಾಲ್ಕಕ್ಕೇ ನಿಂತಿತು. ಅದರ ಮುಂದಿನ ವಾರವೂ ಅಷ್ಟೇ. ವರಲಕ್ಷ್ಮಿ ಪೆಟ್ರೋಲು ಬದಲಿಸಿದಳು, ಪ್ಲಗ್ಗು ಬದಲಿಸಿದಳು, ಬೋಟಿನ ತಳ ಉಜ್ಜಿ ತೊಳೆದಳು. ಅಪ್ಪ ಫ್ಯಾನು ಬಿಚ್ಚಿ ಶೆಡ್ಡಿಗೆ ತಂದು, ಸುಮ್ಮನೆ ಅರ ಆಡಿಸಿ, ವಾಪಸು ಕೂರಿಸಿದ. ಮಗಳು ಊಟದ ತಟ್ಟೆಯ ಮುಂದೆ ಕೂತು ಗೋಡೆ ನೋಡುವುದು ಶುರುವಾಯಿತು. ಅವನೂ ಮುದ್ದೆ ಅರ್ಧಕ್ಕೇ ಬಿಟ್ಟು ಏಳುತ್ತಿದ್ದ. ಆದರೂ ಕಲ್ಲು ತೆಗೆಯಲಿಲ್ಲ. ರೇಸು ಹೋದರೆ ಹೋಗಲಿ, ಇವಳು ಉಳಿಯಲಿ ಅಂದುಕೊಂಡ.

ಈ ನಡುವೆ ಮನೆಯಲ್ಲಿ ಇನ್ನೊಂದು ಫಜೀತಿ. ಎದುರು ಮನೆಯ ಚಿಕ್ಕಲಕ್ಷ್ಮಮ್ಮನ ಮೊಮ್ಮಗಳನ್ನು ಭಾನುವಾರ ಸಂಜೆ ತೊಟ್ಟಿಲಿಗೆ ಹಾಕುವುದಿತ್ತು. ಬೀದಿಗೆಲ್ಲ ಇದ್ದದ್ದು ಅದೊಂದೇ ಗುಂಡುಕಲ್ಲು.

“ಏನ್ರೀ, ಮೆಟ್ಲು ಕೆಳಗಿದ್ದ ಗುಂಡು ಎಲ್ಲಿ?” ಎಂದು ಬೈರಯ್ಯನ ಹೆಂಡತಿ ನರಸಮ್ಮ ಕೇಳಿದಳು. “ಅದಕ್ಕೇನು ಕಾಲು ಬಂತಾ?”

“ಇಲ್ಲೇ ಎಲ್ಲೋ ಇರುತ್ತೆ ಕಣೇ. ತರ್ತೀನಿ ಬಿಡು,” ಎಂದು ಅವನು ಚಪ್ಪಲಿ ಮೆಟ್ಟಿದ.

ನರಸಮ್ಮ ಅವನ ಬೆನ್ನನ್ನೇ ನೋಡಿದಳು. ಅಷ್ಟು ವರ್ಷ ಸಂಸಾರ ಮಾಡಿದವಳಿಗೆ ಗಂಡ ಸುಳ್ಳು ಹೇಳುವಾಗ ಚಪ್ಪಲಿ ಹುಡುಕುತ್ತಾನೆ ಎಂದು ಗೊತ್ತಿತ್ತು.

ಭಾನುವಾರ ಬಂತು. ಜಗನ್ನಾಥ ಕೊಟ್ಟ ಗಡುವಿನ ಕೊನೆಯ ಭಾನುವಾರ ಅದು. ನೀರು ಸಣ್ಣಗೆ ಅಲೆಯಾಡುತ್ತಿತ್ತು. ವರಲಕ್ಷ್ಮಿ ಹೆಲ್ಮೆಟ್ ಕಟ್ಟಿಕೊಂಡು ಹೊರಟಳು. ದೂರದ ತಿರುವಿನಲ್ಲಿ ಅವಳು ಬೋಟು ಹೊರಳಿಸಿದ್ದೇ ತಡ, ಉದ್ದ ದುಂಡಗಿನ ಕಲ್ಲು ಗೂಡಿನೊಳಗೆ ಒಂದು ಪಕ್ಕಕ್ಕೆ ಉರುಳಿತು. ಅದು ಉರುಳದಂತೆ ಕಟ್ಟಬೇಕು ಎಂಬ ಬುದ್ಧಿ ಇಟ್ಟವನಿಗೆ ಬಂದಿರಲಿಲ್ಲ. ಬೋಟಿನ ಮೂತಿ ನೀರಿಗೆ ಕಚ್ಚಿತು. ಹಿಂಭಾಗ ಬೀಸಿ ಹೊರಳಿತು. ಬೈರಯ್ಯನ ಕೈಯಿಂದ ಪಾನಾ ಬಿತ್ತು. ಈ ಸಲ ಅವನು ತಲೆ ತಗ್ಗಿಸಿರಲಿಲ್ಲ, ಎಲ್ಲವನ್ನೂ ನೋಡಿದ.

ಗಾಬರಿಯಲ್ಲಿ ಥ್ರಾಟಲ್ಲನ್ನು ಥಟ್ಟನೆ ಬಿಟ್ಟಿದ್ದರೆ ಮೂತಿ ಇನ್ನೂ ಒಳಕ್ಕೆ ಹೋಗಿ ಬೋಟು ಮಗುಚುತ್ತಿತ್ತು. ಅವಳು ಬಿಡಲಿಲ್ಲ. ಮೆಲ್ಲಗೆ ಇಳಿಸಿದಳು, ಮೂತಿಯನ್ನು ಎತ್ತಿಸಿದಳು, ಸ್ಟಿಯರಿಂಗನ್ನು ನೇರ ಮಾಡಿ ದಡಕ್ಕೆ ಬಂದಳು. ಹೆಲ್ಮೆಟ್ ತೆಗೆದಾಗ ಅವಳ ಮುಖ ಬಿಳಿಚಿಕೊಂಡಿತ್ತು.

“ಅಪ್ಪ, ಬೋಟಲ್ಲಿ ಏನೂ ತೊಂದ್ರೆ ಇಲ್ಲ. ನನ್ನ ಕೈಯೇ ಸರಿ ಇಲ್ಲ ಅನ್ಸತ್ತೆ. ಜಗನ್ನಾಥ್ ಸಾರ್‌ಗೆ ಹೇಳ್ಬಿಡ್ತೀನಿ, ಬೇರೆಯೋರನ್ನ ಕೂರ್ಸಿ ಅಂತ.”

ಬೈರಯ್ಯನಿಗೆ ಬೇಕಾಗಿದ್ದುದು ಇದೇ ಮಾತು. ಮಗಳು ಬೋಟು ಬಿಡಲಿ ಎಂದೇ ಅವನು ಇಷ್ಟು ದಿನ ಒಳಗೊಳಗೆ ಹಂಬಲಿಸಿದ್ದ. ಅವಳು ತನ್ನ ಎರಡು ಅಂಗೈಗಳನ್ನೂ ಬಿಡಿಸಿ, ಅಲ್ಲೇನೋ ತಪ್ಪು ಕಾಣುತ್ತದೆ ಎಂಬಂತೆ ನೋಡಿಕೊಳ್ಳುತ್ತಿದ್ದಳು. ಅದನ್ನು ಅವನಿಂದ ನೋಡಲಾಗಲಿಲ್ಲ.

“ನಿನ್ನ ಕೈ ಸರಿ ಇದೆ ಕಣಮ್ಮ,” ಎಂದ. ಬೋಟು ಹತ್ತಿ, ಮೂತಿಯ ಗೂಡಿಗೆ ಕೈ ಹಾಕಿ, ಸೀರೆಯ ಗಂಟನ್ನು ಎದೆಗವಚಿಕೊಂಡು ತಂದು ಅವಳ ಮುಂದೆ ಇಟ್ಟ. “ತಪ್ಪು ನಂದು. ಹೆದ್ರಿಕೆ ಆಯ್ತು. ಮಹದೇವನ ಥರ ಆಗ್ಬಿಟ್ರೆ ಅಂತ.”

ವರಲಕ್ಷ್ಮಿ ಗಂಟು ಬಿಚ್ಚಿದಳು. ಕಲ್ಲಿನ ಸಂದಿಯಲ್ಲಿ ಎಷ್ಟೋ ತೊಟ್ಟಿಲುಗಳ ಹಳೆಯ ಅರಿಶಿನ ಇನ್ನೂ ಕೂತಿತ್ತು. ಅವಳು ಬೈಯುತ್ತಾಳೆ ಎಂದು ಕಾದ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

“ನಮ್ಮನೆ ಗುಂಡು ಅಲ್ವಾ ಇದು?” ಎಂದಳು. ಬಹಳ ಹೊತ್ತು ಅದರ ಮೇಲೆ ಕೈಯಾಡಿಸಿದಳು. ಆಮೇಲೆ ಇನ್ನೊಂದು ಲೈಫ್ ಜಾಕೆಟ್ ಎತ್ತಿ ಅಪ್ಪನ ಕಡೆ ಚಾಚಿದಳು. “ಹಾಕ್ಕೋ. ನೀನು ಬಾ ನನ್ನ ಜೊತೆ.”

“ನಂಗೆ ಈಜು ಬರಲ್ಲ ವರೂ.”

“ನಂಗೆ ಬರುತ್ತಲ್ಲ. ಹತ್ತು.”

ಹತ್ತಿದ. ಬೋಟು ದಡ ಬಿಟ್ಟಾಗ ಊರಿನ ದೇವರನ್ನೆಲ್ಲ ಒಂದು ಸುತ್ತು ಕರೆದ. ವೇಗ ಏರಿದಂತೆ ಗಾಳಿ ಕೆನ್ನೆಗೆ ಹೊಡೆಯಿತು, ಕಣ್ಣು ತಾನಾಗಿ ಮುಚ್ಚಿತು.

“ಅಪ್ಪ, ಕಣ್ಣು ಮುಚ್ಕೋಬೇಡ,” ಎಂದು ಮಗಳು ಇಂಜಿನ್ನಿನ ಸದ್ದಿನ ಮೇಲೆ ಕೂಗಿ ಹೇಳಿದಳು. “ನೀರು ನೋಡ್ಬೇಡ. ನನ್ನ ಹೆಬ್ಬೆರಳು ನೋಡು.”

ಥ್ರಾಟಲ್ ಹಿಡಿಯ ಪಕ್ಕದಲ್ಲಿ ಮೇಲೆ ಕೆಳಗೆ ಒತ್ತುವ ಒಂದು ಪುಟ್ಟ ಗುಂಡಿ ಇತ್ತು. ಅವಳು ಅದನ್ನು ಮೇಲಕ್ಕೆ ಒತ್ತಿದಾಗ ಹಿಂದೆ ಇಂಜಿನ್ನು ಚೂರು ವಾಲಿ, ಮುಂದೆ ಮೂತಿ ಚೂರು ಏಳುತ್ತಿತ್ತು. ಬೋಟು ಹಗುರಾಗುತ್ತಿತ್ತು. ಇನ್ನೇನು ಕುಪ್ಪಳಿಸಬೇಕು, ಬೈರಯ್ಯನ ಸೀಟಿನ ಕೆಳಗೆ ಒಂದು ಸಣ್ಣ ನಡುಕ ಹುಟ್ಟಿತು. ಅವನು ಬಾಯಿ ತೆರೆಯುವ ಮೊದಲೇ ಹೆಬ್ಬೆರಳು ಕೆಳಗೆ ಒತ್ತಿ ಆಗಿತ್ತು, ನಡುಕ ನಿಂತಿತ್ತು. ಮತ್ತೆ ಮೇಲೆ, ಮತ್ತೆ ಕೆಳಗೆ. ಅವಳು ವೇಗದ ಮುಳ್ಳು ನೋಡುತ್ತಿರಲಿಲ್ಲ, ಬೆರಳನ್ನೂ ನೋಡುತ್ತಿರಲಿಲ್ಲ. ಸೊಂಟದಿಂದಲೇ ಬೋಟಿನ ಮಾತು ಕೇಳಿಸಿಕೊಳ್ಳುತ್ತಿದ್ದಳು. ಚಿಕ್ಕಂದಿನಲ್ಲಿ ಬಾಯಿಂದ ತೆಗೆಯುವುದೇ ಇಲ್ಲ ಅಂತ ನರಸಮ್ಮ ಬೇವಿನೆಣ್ಣೆ ಸವರುತ್ತಿದ್ದ ಹೆಬ್ಬೆರಳು ಅದು. ಬೈರಯ್ಯನಿಗೆ ಅಳು ಬಂತು. ಗಾಳಿಗೆ ಬಂದ ನೀರು ಎಂಬಂತೆ ಕಣ್ಣು ಒರೆಸಿಕೊಂಡ.

ದಡಕ್ಕೆ ಬಂದ ಮೇಲೆ ಅವನು ಯಾರ ಮಾತಿಗೂ ಕಾಯಲಿಲ್ಲ. ಬಿದ್ದಿದ್ದ ಪಾನಾ ಎತ್ತಿಕೊಂಡು, ಬೋಲ್ಟು ಸಡಿಲಿಸಿ, ಇಂಜಿನ್ನನ್ನು ಒಂದು ತೂತು ಮೇಲಕ್ಕೇರಿಸಿ ಬಿಗಿದ. ಫ್ಯಾನಿನ ಎಲೆಗಳಿಗೆ ಇಷ್ಟು ದಿನ ಕೊಡದೆ ಉಳಿಸಿಕೊಂಡಿದ್ದ ಬಾಗನ್ನು ಅಲ್ಲೇ ಮರದ ದಿಮ್ಮಿಯ ಮೇಲಿಟ್ಟು ಕೊಟ್ಟ. ಸುತ್ತಿಗೆಯ ಏಟು ಬೀಳಬೇಕಾದ ಕಡೆಯೇ ಬಿತ್ತು.

ವರಲಕ್ಷ್ಮಿ ಒಬ್ಬಳೇ ಹೋದಳು. ಬೈರಯ್ಯ ಗುಂಡುಕಲ್ಲನ್ನು ತೊಡೆಯ ಮೇಲಿಟ್ಟುಕೊಂಡು ದಡದಲ್ಲಿ ಕೂತ. ಬೋಟಿನ ಮೂತಿ ನೀರು ಬಿಟ್ಟು ಎದ್ದಿತು. ಅವನು ನೋಡಿದ. ತಳದ ಹಿಂದಿನ ಒಂದು ಅಂಗೈಯಗಲ ಮಾತ್ರ ನೀರು ಮುಟ್ಟಿಕೊಂಡು ಬೋಟು ಓಡುತ್ತಿತ್ತು. ಅವನ ಹೆಬ್ಬೆರಳೂ ಕಲ್ಲನ್ನು ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ಒತ್ತುತ್ತಿತ್ತು.

“ಅರವತ್ತೊಂದು, ಬೈರಣ್ಣ,” ಎಂದು ಅಷ್ಟರಲ್ಲಿ ಪಕ್ಕಕ್ಕೆ ಬಂದು ನಿಂತಿದ್ದ ಜಗನ್ನಾಥ ಕೈಯಲ್ಲಿದ್ದ ವೇಗ ಅಳೆಯುವ ಯಂತ್ರ ನೋಡಿ ಹೇಳಿದ. ಆಮೇಲೆ ಬೈರಯ್ಯನ ತೊಡೆಯ ಮೇಲಿದ್ದುದನ್ನು ನೋಡಿದ. “ಅದೇನ್ರೀ ಅದು, ಕಲ್ಲು?”

“ಮನೇದು ಸಾರ್. ಗಾಳಿ ತೋರ್ಸಕ್ಕೆ ತಂದಿದ್ದೆ.”

ಸಂಜೆ ಕಲ್ಲು ಮೂಡಲಪಾಳ್ಯಕ್ಕೆ ವಾಪಸಾಯಿತು. ನರಸಮ್ಮ ಅದನ್ನು ತೊಳೆಯುತ್ತ ತಂದೆ ಮಗಳಿಬ್ಬರ ಬಾಯಿಂದಲೂ ಕಥೆಯೆಲ್ಲ ಕೇಳಿಸಿಕೊಂಡಳು. ಬೈಯಲಿಲ್ಲ. ಅರಿಶಿನ ಹಚ್ಚಿ ಮುಗಿದ ಮೇಲೆ ಗಂಡನ ಕಡೆ ತಿರುಗಿದಳು.

“ಅಲ್ರೀ, ತೊಟ್ಟಿಲಿಗೆ ಕಲ್ಲು ಹಾಕಿದ್ದು ನೆನಪಿಟ್ಕೊಂಡ್ರಿ, ಸರಿ. ಆಮೇಲೆ ಏನ್ ಮಾಡಿದ್ವಿ ಅಂತ ನೋಡ್ಲಿಲ್ವಾ? ಕಲ್ಲು ಎತ್ತಿ ಆಚೆ ಇಟ್ಟ ಮೇಲಲ್ವಾ ಮಗೂನ ಮಲಗ್ಸೋದು?”

ವರಲಕ್ಷ್ಮಿಯ ತೊಟ್ಟಿಲಿನ ದಿನ ಬೈರಯ್ಯ ಗಂಡಸರ ಜೊತೆ ಹೊರಗೆ ಕಾಫಿ ಕುಡಿಯುತ್ತ ನಿಂತಿದ್ದ. ಹರಸಿದ್ದು ಕೇಳಿತ್ತು, ಆಮೇಲಿನದು ಕಂಡಿರಲಿಲ್ಲ.

ಎದುರು ಮನೆಯಲ್ಲಿ ಹೆಂಗಸರು ಹಾಡು ಹೇಳುತ್ತ ಕುಲಾವಿ ತೊಟ್ಟ ಕಲ್ಲನ್ನು ತೂಗಿದರು. ಹೊರಗೆ ತೆಗೆಯುವ ಹೊತ್ತಿಗೆ ಚಿಕ್ಕಲಕ್ಷ್ಮಮ್ಮ ಮಣಿಕಟ್ಟು ಹಿಡಿದುಕೊಂಡು, “ಬೈರಣ್ಣ, ನನ್ನ ಕೈಲಾಗಲ್ಲಪ್ಪ, ಒಸಿ ಬಂದು ಎತ್ತು,” ಎಂದಳು. ಬಾಗಿಲಲ್ಲಿ ನಿಂತಿದ್ದ ಬೈರಯ್ಯ ಒಳಗೆ ಹೋದ. ಬಗ್ಗಿ, ಎರಡೂ ಕೈಯಲ್ಲಿ ಕಲ್ಲನ್ನು ಎತ್ತಿ ಎದೆಗಾನಿಸಿಕೊಂಡ. ಖಾಲಿಯಾದ ಜಾಗದಲ್ಲಿ ಮಗುವನ್ನು ಮಲಗಿಸಿದರು. ಮಗು ಕಾಲು ಬಡಿಯಿತು, ತೊಟ್ಟಿಲು ತಾನೇ ಸ್ವಲ್ಪ ಅಲ್ಲಾಡಿತು.

ತೊಟ್ಟಿಲಿನ ಆಚೆ ಬದಿ ಹಗ್ಗ ಹಿಡಿದು ನಿಂತಿದ್ದ ವರಲಕ್ಷ್ಮಿ ತಗ್ಗಿದ ದನಿಯಲ್ಲಿ ಕೇಳಿದಳು, “ಅಪ್ಪ, ಮುಂದಿನ ವಾರ ಇಂಜಿನ್ ಇನ್ನೊಂದು ತೂತು ಮೇಲಕ್ಕೆ ಹಾಕಿ ನೋಡೋಣ್ವಾ?”

ಬೈರಯ್ಯ ಕಲ್ಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ.

“ನೋಡೋಣ ಕಣಮ್ಮ,” ಎಂದ.